ಪ್ರೀಮಿಯಂ ಪ್ರತಿ ವರ್ಷ ಏರುತ್ತಿದೆ; ಚಿಕಿತ್ಸೆಯ ಗುಣಮಟ್ಟವೂ ಏರುತ್ತಿದೆಯೇ?

ಹೇಮಾವತಿ_ದಡ (ಪ್ರಶ್ನೆ)

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಓಪನ್ ಎನ್‌ರೋಲ್‌ಮೆಂಟ್ (ವರ್ಷಕ್ಕೊಮ್ಮೆ ಆರೋಗ್ಯ ವಿಮೆಯ ಪ್ಲಾನ್ ಆರಿಸುವ ಅವಧಿ) ಆರಂಭವಾಗಿದ್ದು, ಕಂಪನಿಯವರು ಈ ಬಾರಿ ಎರಡು ಪ್ಲಾನ್‌ಗಳನ್ನು ಮುಂದಿಟ್ಟಿದ್ದಾರೆ. ಮೊದಲನೆಯದು ನಾವು ಈಗ ಇರುವ ಪ್ಲಾನ್. ಅದರ ಪ್ರೀಮಿಯಂ ಮತ್ತೆ ಏರಿದೆ. ಎರಡನೆಯದರಲ್ಲಿ ಸಂಬಳದಿಂದ ಕಡಿತವಾಗುವ ಮೊತ್ತ ಕಡಿಮೆ, ಆದರೆ ಡಿಡಕ್ಟಿಬಲ್, ಅಂದರೆ ವಿಮೆ ಹಣ ಕೊಡುವ ಮುನ್ನ ನಾವೇ ಭರಿಸಬೇಕಾದ ಮೊತ್ತ, ಬಹಳ ಹೆಚ್ಚು. ಜೊತೆಗೆ ಎಚ್‌ಎಸ್‌ಎ (ಚಿಕಿತ್ಸೆಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ) ಖಾತೆ ತೆರೆಯುವ ಅವಕಾಶವಿದೆ. ಎರಡನೆಯದನ್ನೇ ಆರಿಸಿಕೊಳ್ಳಿ ಎಂಬ ಧಾಟಿಯಲ್ಲಿ ಎಚ್‌ಆರ್ ವಿಭಾಗದಿಂದ ಪತ್ರಗಳು ಬರುತ್ತಿವೆ.

ಕಳೆದ ಬೇಸಿಗೆಯಲ್ಲಿ ನನ್ನ ಮಗ ಸೈಕಲ್‌ನಿಂದ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡ. ಇಲ್ಲಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಎರಡು ಎಕ್ಸ್‌ರೇ ತೆಗೆದು, ಸ್ಪ್ಲಿಂಟ್ ಕಟ್ಟಿ ಕಳುಹಿಸಿದರು. ಆಸ್ಪತ್ರೆಯ ಬಿಲ್ 4,860 ಡಾಲರ್; ವಿಮಾ ಕಂಪನಿಯ ಒಪ್ಪಂದದ ದರ 2,140 ಡಾಲರ್. ನಮ್ಮ ಡಿಡಕ್ಟಿಬಲ್ ಇನ್ನೂ ತುಂಬಿರದ ಕಾರಣ ಆ ಮೊತ್ತವೆಲ್ಲ ನನ್ನ ತಲೆಯ ಮೇಲೆಯೇ ಬಿತ್ತು. ಆಮೇಲೆ ವೈದ್ಯರ ಬಿಲ್ ಬೇರೆ, ಎಕ್ಸ್‌ರೇ ಓದಿದ ರೇಡಿಯಾಲಜಿಸ್ಟ್ ಅವರ ಬಿಲ್ ಬೇರೆ ಬಂದವು. ಚಿಕಿತ್ಸೆಯ ಬಗ್ಗೆ ದೂರಿಲ್ಲ. ಕೈ ಚೆನ್ನಾಗಿ ಕೂಡಿಕೊಂಡಿದೆ. ಆದರೆ ಆಸ್ಪತ್ರೆಯ ಆ ಎರಡು ಅಂಕಿಗಳಲ್ಲಿ ಯಾವುದು ನಿಜವಾದ ಬೆಲೆ ಎಂಬುದೇ ನನಗೆ ತಿಳಿಯಲಿಲ್ಲ.

ನನ್ನ ಕುತೂಹಲ ಪ್ಲಾನ್ ಆಯ್ಕೆಗಿಂತ ಸ್ವಲ್ಪ ದೊಡ್ಡದು. ಈ ದೇಶದಲ್ಲಿ ಆರೋಗ್ಯದ ವೆಚ್ಚ ಏಕೆ ಹೀಗೆ ಏರುತ್ತಲೇ ಇದೆ? ಏರಿದ ಹಣಕ್ಕೆ ತಕ್ಕಂತೆ ಗುಣಮಟ್ಟವೂ ಸುಧಾರಿಸಿದೆಯೇ? ರೋಗಿಯ ಕೈಯಿಂದ ಹೆಚ್ಚು ಹಣ ಕೊಡಿಸಿದರೆ ವೆಚ್ಚ ತಗ್ಗುತ್ತದೆ ಎಂದು ಎಚ್‌ಆರ್‌ನವರು ಹೇಳುವುದರಲ್ಲಿ ಹುರುಳಿದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಅರ್ಥಪ್ರಿಯ

ನಮಸ್ಕಾರ. ಮೊದಲು ಪ್ರಮಾಣದ ಅಂದಾಜು ಸಿಗಲಿ. 1960ರಲ್ಲಿ ಅಮೆರಿಕ ತನ್ನ ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ. 5ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತಿತ್ತು. 2023ರಲ್ಲಿ ಆ ಪಾಲು ಶೇ. 17.6ಕ್ಕೆ ಏರಿತ್ತು, ಒಟ್ಟು ಮೊತ್ತ 4.9 ಲಕ್ಷ ಕೋಟಿ ಡಾಲರ್, ಅಂದರೆ ತಲೆಗೆ 14,570 ಡಾಲರ್. ಇದರಲ್ಲಿ ಆಸ್ಪತ್ರೆಗಳ ಪಾಲು ಸುಮಾರು ಶೇ. 31, ವೈದ್ಯರು ಹಾಗೂ ಕ್ಲಿನಿಕ್‌ಗಳ ಪಾಲು ಶೇ. 20, ಔಷಧದಂಗಡಿಯಲ್ಲಿ ಕೊಳ್ಳುವ ಔಷಧಗಳದ್ದು ಶೇ. 9. ಪತ್ರಿಕೆಗಳಲ್ಲಿ ಔಷಧದ ಬೆಲೆಯ ಸುದ್ದಿಯೇ ಹೆಚ್ಚು ಕಾಣುವುದರಿಂದ ಹಣವೆಲ್ಲ ಅಲ್ಲಿಗೇ ಹೋಗುತ್ತಿದೆ ಎಂದು ಅನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ.

ನೌಕರಿಯ ಜೊತೆಗೆ ವಿಮೆ ಅಂಟಿಕೊಂಡದ್ದು ಯಾರೂ ಕುಳಿತು ಯೋಜಿಸಿ ಮಾಡಿದ ಕೆಲಸವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಕಾನೂನಿನಂತೆ, ಸಂಬಳ ಏರಿಸಲು ಸರ್ಕಾರ ಕಡಿವಾಣ ಹಾಕಿತು. ಆದರೆ ವಿಮೆಯಂತಹ ಸೌಲಭ್ಯಗಳಿಗೆ ಆ ಕಡಿವಾಣವಿರಲಿಲ್ಲ. ಕೆಲಸಗಾರರ ಅಭಾವವಿದ್ದ ಆ ದಿನಗಳಲ್ಲಿ ಕಂಪನಿಗಳು ವಿಮೆಯ ಆಸೆ ತೋರಿಸಿ ಜನರನ್ನು ಸೆಳೆದವು. 1954ರ ತೆರಿಗೆ ಸಂಹಿತೆಯು ಕಂಪನಿ ಕಟ್ಟುವ ಪ್ರೀಮಿಯಂ ನೌಕರನ ಆದಾಯವಲ್ಲವೆಂದು ಸ್ಪಷ್ಟಪಡಿಸಿದ ಮೇಲೆ ಆ ಗಂಟು ಬಿಚ್ಚಲಾಗದಷ್ಟು ಬಿಗಿಯಾಯಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ಆಸ್ಪತ್ರೆ ತೋರಿಸಿದ ಖರ್ಚನ್ನು ಆಧರಿಸಿಯೇ ಮೆಡಿಕೇರ್ ಆಗ ಹಣ ಕೊಡುತ್ತಿತ್ತು. ಖರ್ಚು ಹೆಚ್ಚಿದಷ್ಟೂ ಹಣ ಹೆಚ್ಚು ಬರುವ ಕಡೆ ಖರ್ಚು ತಗ್ಗಿಸುವವರು ಯಾರು? 1983ರಲ್ಲಿ ಈ ಪದ್ಧತಿಯನ್ನು ಬದಲಿಸಿ, ಆಸ್ಪತ್ರೆಗೆ ದಾಖಲಾದವರ ಕಾಯಿಲೆಯ ಗುಂಪಿಗೆ ಇಂತಿಷ್ಟು ಎಂದು ಮೊದಲೇ ದರ ನಿಗದಿ ಮಾಡಲಾಯಿತು.

ಮೆಡಿಕೇರ್ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. ನಿಮ್ಮಂತಹ ನೌಕರರ ಖಾಸಗಿ ವಿಮೆಯ ದರ ಮಾತ್ರ ಆಸ್ಪತ್ರೆ ಮತ್ತು ವಿಮಾ ಕಂಪನಿಗಳ ನಡುವಿನ ಚೌಕಾಶಿಯಲ್ಲಿ ತೀರ್ಮಾನವಾಗುತ್ತದೆ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನದ ಪ್ರಕಾರ 2022ರಲ್ಲಿ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಕೊಟ್ಟದ್ದು, ಅದೇ ಸೇವೆಗೆ ಮೆಡಿಕೇರ್ ಕೊಡುತ್ತಿದ್ದ ದರದ ಶೇ. 254. ಹಾಗಾಗಿ ಅಮೆರಿಕನ್ನರು ಹೆಚ್ಚು ಬಾರಿ ವೈದ್ಯರ ಬಳಿಗೆ ಹೋಗುತ್ತಾರೆ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗುತ್ತಾರೆ ಎಂಬ ಕಾರಣಕ್ಕೆ ವೆಚ್ಚ ಹೆಚ್ಚಿದೆ ಎನ್ನುವ ವಾದ ನಿಲ್ಲುವುದಿಲ್ಲ. ಅನೇಕ ಶ್ರೀಮಂತ ದೇಶಗಳ ಜನರಿಗಿಂತ ಅವರು ಕಡಿಮೆ ಬಾರಿಯೇ ವೈದ್ಯರನ್ನು ಕಾಣುತ್ತಾರೆ. ಹೆಚ್ಚಿರುವುದು ಪ್ರತಿ ಭೇಟಿಯ, ಪ್ರತಿ ಶಸ್ತ್ರಚಿಕಿತ್ಸೆಯ ದರ. 2003ರಲ್ಲಿಯೇ ಜೆರಾರ್ಡ್ ಆಂಡರ್‌ಸನ್, ಊವೆ ರೈನ್‌ಹಾರ್ಟ್ ಮೊದಲಾದವರು ಹಲವು ದೇಶಗಳ ಅಂಕಿಅಂಶಗಳನ್ನು ಹೋಲಿಸಿ ಇದನ್ನೇ ಹೇಳಿದ್ದರು.

ಚೌಕಾಶಿಯಲ್ಲಿ ಆಸ್ಪತ್ರೆಯ ಕೈ ಮೇಲಾಗುವುದಕ್ಕೆ ಕಾರಣ ವಿಲೀನ. ಒಂದು ಊರಿನ ಆಸ್ಪತ್ರೆಗಳೆಲ್ಲ ಒಂದೇ ಆಡಳಿತದ ಕೆಳಗೆ ಬಂದಾಗ, ಅವುಗಳನ್ನು ನೆಟ್‌ವರ್ಕ್‌ನಿಂದ (ಒಪ್ಪಂದವಿರುವ ಆಸ್ಪತ್ರೆ, ವೈದ್ಯರ ಪಟ್ಟಿಯಿಂದ) ಬಿಟ್ಟು ಪ್ಲಾನ್ ಮಾರಲು ಯಾವ ವಿಮಾ ಕಂಪನಿಗೂ ಆಗುವುದಿಲ್ಲ. ವಿಮಾ ಕಂಪನಿಗೂ ಹಟ ಹಿಡಿದು ಜಗ್ಗಾಡುವ ತುರ್ತು ಅಷ್ಟಾಗಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. 2010ರ ಕಾನೂನಿನಂತೆ ದೊಡ್ಡ ಕಂಪನಿಗಳಿಗೆ ಮಾರುವ ವಿಮೆಯಲ್ಲಿ ಪ್ರೀಮಿಯಂನ ಕನಿಷ್ಠ ಶೇ. 85 ಚಿಕಿತ್ಸೆಗೆ ಮತ್ತು ಗುಣಮಟ್ಟ ಸುಧಾರಣೆಗೆ ಹೋಗಬೇಕು. ಉಳಿಯುವ ಶೇ. 15 ದೊಡ್ಡದಾಗಬೇಕಾದರೆ ಒಟ್ಟು ಮೊತ್ತವೇ ದೊಡ್ಡದಾಗಬೇಕಲ್ಲವೇ? ಸದುದ್ದೇಶದ ನಿಯಮವೇ ಹೌದು. ಆದರೂ ಈ ಮಗ್ಗುಲನ್ನು ಮರೆಯುವಂತಿಲ್ಲ.

ಕಂಪನಿಯೇ ಹೆಚ್ಚಿನ ಪಾಲು ಕಟ್ಟುತ್ತದೆ ಎಂಬ ಸಮಾಧಾನವನ್ನೂ ನಾನು ಒಪ್ಪುವುದಿಲ್ಲ. ಕೆಎಫ್‌ಎಫ್ ಎಂಬ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆಯ ವಾರ್ಷಿಕ ಸಮೀಕ್ಷೆಯ ಪ್ರಕಾರ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 1999ರಲ್ಲಿ 5,791 ಡಾಲರ್ ಇತ್ತು. 2024ರಲ್ಲಿ 25,572 ಡಾಲರ್ ಆಗಿತ್ತು. ಅದರಲ್ಲಿ ನೌಕರರು ನೇರವಾಗಿ ಕಟ್ಟಿದ್ದು 6,296 ಡಾಲರ್. ಉಳಿದದ್ದು ಕಂಪನಿಯ ಔದಾರ್ಯವಲ್ಲ. ನಿಮ್ಮ ಸಂಬಳವಾಗಿ ಬರಬೇಕಾಗಿದ್ದ ಹಣ.

ಬಿಲ್ಲಿಂಗ್_ಕೋಣೆ

ನಾನು ಹಲವು ವರ್ಷಗಳಿಂದ ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿರುವುದರಿಂದ, ಹೇಮಾವತಿ_ದಡ ಅವರು ಕೇಳಿರುವ ಎರಡು ಅಂಕಿಗಳ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

4,860 ಡಾಲರ್ ಎಂಬುದು ಆಸ್ಪತ್ರೆಯ ಚಾರ್ಜ್‌ಮಾಸ್ಟರ್ ಪಟ್ಟಿಯಲ್ಲಿರುವ ದರ. ಪ್ರತಿ ಸೇವೆಗೂ ಪ್ರತಿ ಸಾಮಗ್ರಿಗೂ ಆಸ್ಪತ್ರೆ ತಾನೇ ಬರೆದುಕೊಂಡ ಬೆಲೆ ಅದು. ವಿಮೆ ಇರುವವರಲ್ಲಿ ಅದನ್ನು ಪೂರ್ತಿಯಾಗಿ ಕಟ್ಟುವವರು ಇಲ್ಲವೆಂದೇ ಹೇಳಬಹುದು. 2,140 ಡಾಲರ್ ಎಂಬುದು ಒಪ್ಪಂದದ ದರ. ವಿಮಾ ಕಂಪನಿಯಿಂದ ಬರುವ ಇಒಬಿ (ಯಾರು ಎಷ್ಟು ಕಟ್ಟಬೇಕೆಂಬ ವಿವರದ) ಪತ್ರದಲ್ಲಿ ಅದು ಪ್ರತ್ಯೇಕ ಸಾಲಿನಲ್ಲಿರುತ್ತದೆ. ನಿಮ್ಮ ಪಾಲಿಗೆ ನಿಜವಾದ ಬೆಲೆ ಇದೇ. ಇದೇ ಆಸ್ಪತ್ರೆಯಲ್ಲಿ, ಇದೇ ದಿನ, ಇದೇ ಚಿಕಿತ್ಸೆ ಪಡೆದು ಬೇರೆ ವಿಮೆ ಹೊಂದಿರುವ ಇನ್ನೊಂದು ಮಗುವಿನ ತಂದೆಗೆ ಬೇರೆಯೇ ಮೊತ್ತ ಬಂದಿರುತ್ತದೆ. 2021ರ ಜನವರಿಯಿಂದ ಆಸ್ಪತ್ರೆಗಳು ಈ ಒಪ್ಪಂದದ ದರಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕೆಂಬ ನಿಯಮವಿದೆ. ಆದರೆ ಆ ಕಡತಗಳು ಎಷ್ಟು ದೈತ್ಯವಾಗಿವೆಯೆಂದರೆ, ಸಾಮಾನ್ಯರು ತೆರೆದು ಓದುವುದು ಕಷ್ಟಸಾಧ್ಯ.

ನೀವು ನೋಡಬೇಕಾದದ್ದು ಸಾಲುಸಾಲಾಗಿ ವಿವರ ಕೊಡುವ ಐಟಮೈಜ್ಡ್ ಬಿಲ್, ಕೇಳಿದರೆ ಕೊಡುತ್ತಾರೆ. ತುರ್ತು ವಿಭಾಗದ ಭೇಟಿಯನ್ನು 99281ರಿಂದ 99285ರವರೆಗೆ ಐದು ಹಂತಗಳ ಕೋಡ್‌ಗಳಲ್ಲಿ ಗುರುತಿಸುತ್ತಾರೆ. ಕೊನೆಯ ಅಂಕಿ ಹೆಚ್ಚಿದಷ್ಟೂ ಪ್ರಕರಣ ಗಂಭೀರವೆಂದು ಅರ್ಥ, ದರವೂ ಹೆಚ್ಚು. ಕೊಠಡಿ, ಸಿಬ್ಬಂದಿ, ಉಪಕರಣಗಳಿಗಾಗಿ ಆಸ್ಪತ್ರೆ ವಿಧಿಸುವ ಫೆಸಿಲಿಟಿ ಶುಲ್ಕ ಈ ಹಂತದ ಮೇಲೆಯೇ ನಿಂತಿರುತ್ತದೆ, ಮತ್ತು ನಿಮ್ಮಂತಹ ಬಿಲ್‌ಗಳಲ್ಲಿ ಬಹುಪಾಲು ಮೊತ್ತ ಈ ಒಂದು ಸಾಲಿನಲ್ಲೇ ಅಡಗಿರುತ್ತದೆ. ಎಕ್ಸ್‌ರೇ, ಸ್ಪ್ಲಿಂಟ್‌ಗಳ ಸಾಲುಗಳು ಅದರ ಮುಂದೆ ಚಿಕ್ಕವು. ಹಂತವನ್ನು ತೀರ್ಮಾನಿಸಲು ಪ್ರತಿಯೊಂದು ಆಸ್ಪತ್ರೆಗೂ ತನ್ನದೇ ಮಾನದಂಡವಿರುತ್ತದೆ. ಅನುಮಾನದ ಸ್ಥಳದಲ್ಲಿ ಮೇಲಿನ ಹಂತವನ್ನೇ ಬರೆಯುವ ಪ್ರವೃತ್ತಿ ಇದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಸರಳವಾದ ಮೂಳೆ ಮುರಿತಕ್ಕೆ ಐದನೆಯ ಹಂತ ಬರೆದಿದ್ದರೆ ಖಂಡಿತ ಪ್ರಶ್ನಿಸಿ.

ತುರ್ತು ವಿಭಾಗದಲ್ಲಿ ನಿಮ್ಮನ್ನು ನೋಡಿದ ವೈದ್ಯರೋ ರೇಡಿಯಾಲಜಿಸ್ಟೋ ನಿಮ್ಮ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೂ, 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆಯ ಪ್ರಕಾರ ನೆಟ್‌ವರ್ಕ್ ದರದ ಪಾಲಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ರಸ್ತೆಯ ಆಂಬ್ಯುಲೆನ್ಸ್‌ಗೆ ಮಾತ್ರ ಈ ರಕ್ಷಣೆ ಇಲ್ಲ. ಹೆಲಿಕಾಪ್ಟರ್ ಆಂಬ್ಯುಲೆನ್ಸ್‌ಗೆ ಇದೆ, ರಸ್ತೆಯದಕ್ಕೆ ಇಲ್ಲ. ಕಾನೂನು ಮಾಡಿದವರಿಗೇ ಗೊತ್ತು.

ರಾತ್ರಿಪಾಳಿ

ನಾನು ಮೇರಿಲ್ಯಾಂಡ್‌ನಲ್ಲಿ ತೀವ್ರ ನಿಗಾ ಘಟಕದ ನರ್ಸ್. ಗುಣಮಟ್ಟದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿಯೊಂದು, ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತು. ಆ ಅಂಕಿಗಳ ಬಗ್ಗೆ ಬಹಳ ತಕರಾರುಗಳು ಎದ್ದವು. ಆದರೆ ಅಲ್ಲಿಂದಾಚೆಗೆ ಗುಣಮಟ್ಟವನ್ನು ಅಳೆಯುವ ಕೆಲಸ ಗಂಭೀರವಾಗಿ ಆರಂಭವಾಯಿತು ಎಂಬುದು ನಿಜ.

ನಾವು ದಿನನಿತ್ಯ ಮಾಡುವ ಒಂದು ಕೆಲಸವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಗಂಭೀರ ಸ್ಥಿತಿಯ ರೋಗಿಯ ಕುತ್ತಿಗೆಯ ಬಳಿಯೋ ಎದೆಯ ಮೇಲ್ಭಾಗದಲ್ಲೋ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ನಳಿಕೆಯನ್ನು ಹಾಕುತ್ತೇವೆ. ಅದರ ಮೂಲಕ ರಕ್ತಕ್ಕೆ ಸೋಂಕು ತಗುಲುವುದು ಒಂದು ಕಾಲದಲ್ಲಿ ಅನಿವಾರ್ಯವೆಂದೇ ನಂಬಲಾಗಿತ್ತು. ಜಾನ್ಸ್ ಹಾಪ್‌ಕಿನ್ಸ್‌ನ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ನಿಗಾ ಘಟಕಗಳಲ್ಲಿ ಐದೇ ಅಂಶಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪ್ರಯೋಗ ನಡೆಸಿದರು: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮವನ್ನು ಶುಚಿಗೊಳಿಸುವುದು, ರೋಗಿಯ ಮೈಯನ್ನು ಶುದ್ಧ ಬಟ್ಟೆಯಿಂದ ಪೂರ್ತಿ ಹೊದಿಸುವುದು, ಸಾಧ್ಯವಾದಷ್ಟೂ ತೊಡೆಯ ಸಂದಿಯ ರಕ್ತನಾಳವನ್ನು ಬಳಸದಿರುವುದು, ಅಗತ್ಯ ತೀರಿದೊಡನೆ ನಳಿಕೆಯನ್ನು ತೆಗೆಯುವುದು. ವೈದ್ಯರು ಯಾವುದಾದರೂ ಹೆಜ್ಜೆಯನ್ನು ಬಿಟ್ಟರೆ ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಡಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೋಂಕಿನ ಪ್ರಮಾಣ ಶೇ. 66ರವರೆಗೆ ತಗ್ಗಿತ್ತು, ಮತ್ತು ಹದಿನೆಂಟು ತಿಂಗಳವರೆಗೂ ಹಾಗೆಯೇ ಉಳಿದಿತ್ತು. ಇದಕ್ಕೆ ಹೊಸ ಯಂತ್ರವೂ ಬೇಕಾಗಲಿಲ್ಲ, ದುಬಾರಿ ಔಷಧವೂ ಬೇಕಾಗಲಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇದು ಎಲ್ಲೆಡೆ ರೂಢಿಯಾಗಿತ್ತು. ಆದರೂ ಹಿರಿಯ ಸರ್ಜನ್ ಒಬ್ಬರನ್ನು ನಡುರಾತ್ರಿ ತಡೆದು, ‘ಡಾಕ್ಟರ್, ಹೊದಿಕೆ ಪೂರ್ತಿಯಾಗಿಲ್ಲ’ ಎಂದು ಹೇಳಲು ಈಗಲೂ ಧೈರ್ಯ ಬೇಕಾಗುತ್ತದೆ.

ಆದ್ದರಿಂದ ‘ಹಣ ಏರಿದಂತೆ ಗುಣಮಟ್ಟ ಏರಿದೆಯೇ’ ಎಂದು ಕೇಳಿದರೆ, ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಿವೆ ಎನ್ನುತ್ತೇನೆ. ಆಸ್ಪತ್ರೆಯ ಒಳಗೆ ಹಲವು ವಿಷಯಗಳು ನಿಜಕ್ಕೂ ಸುಧಾರಿಸಿವೆ. ಆದರೆ ರೋಗಿ ನಮ್ಮ ಬಾಗಿಲಿಗೆ ಬರುವ ಮುನ್ನ ಸಿಗಬೇಕಾಗಿದ್ದ ಆರೈಕೆಯಲ್ಲಿ ದೊಡ್ಡ ಕಂದರವಿದೆ. 2023ರಲ್ಲಿ ಅಮೆರಿಕನ್ನರ ಸರಾಸರಿ ಆಯುಷ್ಯ 78.4 ವರ್ಷ, ಇದಕ್ಕಿಂತ ಬಹಳ ಕಡಿಮೆ ಖರ್ಚು ಮಾಡುವ ಶ್ರೀಮಂತ ದೇಶಗಳು ಎಂಬತ್ತನ್ನು ದಾಟಿವೆ. ಅದೇ ವರ್ಷ ಇಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 18.6 ತಾಯಂದಿರು ಸತ್ತಿದ್ದಾರೆ. ಕಪ್ಪು ವರ್ಣೀಯ ಮಹಿಳೆಯರಲ್ಲಿ ಈ ಪ್ರಮಾಣ 50.3. ಬಂದೂಕು, ಮಾದಕ ವಸ್ತು, ರಸ್ತೆ ಅಪಘಾತಗಳ ಪಾತ್ರ ಆಯುಷ್ಯದ ಲೆಕ್ಕದಲ್ಲಿ ಇದೆ, ಅದನ್ನೆಲ್ಲ ಆಸ್ಪತ್ರೆಗಳ ಮೇಲೆ ಹೊರಿಸುವುದು ಸರಿಯಲ್ಲ. ತಾಯಂದಿರ ಸಾವಿಗೆ ಆ ನೆಪವನ್ನು ಹೇಳಲಾಗದು.

ದರದ ವಿಷಯಕ್ಕೆ ಬಂದರೆ, ನಮ್ಮ ರಾಜ್ಯದಲ್ಲಿ ಆಸ್ಪತ್ರೆಗಳ ದರವನ್ನು 1970ರ ದಶಕದಿಂದ ರಾಜ್ಯದ ಆಯೋಗವೊಂದು ನಿಗದಿ ಮಾಡುತ್ತದೆ. ಒಂದು ಆಸ್ಪತ್ರೆಯ ಒಂದು ಸೇವೆಗೆ, ಯಾವ ವಿಮೆಯವರೇ ಆಗಲಿ, ಬಹುಮಟ್ಟಿಗೆ ಒಂದೇ ದರ. 2014ರಿಂದ ಆಸ್ಪತ್ರೆಗೆ ಇಡೀ ವರ್ಷದ ಆದಾಯದ ಮಿತಿಯನ್ನೂ ಮೊದಲೇ ಹೇಳಲಾಗುತ್ತದೆ. ಹಾಸಿಗೆ ತುಂಬಿಸಿದರೆ ಲಾಭ ಎಂಬ ಲೆಕ್ಕ ಇದರಿಂದ ತಕ್ಕಮಟ್ಟಿಗೆ ಮುರಿದಿದೆ. ಓಹಾಯೋದಲ್ಲಿ ಆಗದ್ದು ಇಲ್ಲಿ ಹೇಗಾಯಿತು ಎಂದು ನೀವು ನಿಮ್ಮ ಜನಪ್ರತಿನಿಧಿಯನ್ನು ಕೇಳಬಹುದು.

ಶರಾವತಿ_ಕಣಿವೆ

ಮೇಲಿನ ಉತ್ತರಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೆ ಚಿತ್ರ ಒಂದು ಕಡೆಗೆ ವಾಲಿದೆ ಎಂದು ಅನಿಸಿತು. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಆಗಿ ಹ್ಯೂಸ್ಟನ್‌ನಲ್ಲಿ ಚಿಕಿತ್ಸೆಯಾಯಿತು. ಗೆಡ್ಡೆಯ ಅಂಶವನ್ನು ಪರೀಕ್ಷಿಸಿ, ಅದರ ವಂಶವಾಹಿ ಗುಣಗಳನ್ನು ನೋಡಿ, ಕೀಮೋಥೆರಪಿ ಬೇಡವೆಂದು ಅವರು ತೀರ್ಮಾನಿಸಿದ ರೀತಿಯನ್ನು ಹತ್ತಿರದಿಂದ ಕಂಡವನಿಗೆ ಈ ವ್ಯವಸ್ಥೆಯನ್ನು ಸಾರಾಸಗಟಾಗಿ ಬೈಯಲು ಮನಸ್ಸು ಬರುವುದಿಲ್ಲ. ಈ ದೇಶದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಸುಮಾರು ಶೇ. 90, ಇದು ಜಗತ್ತಿನಲ್ಲೇ ಉನ್ನತ ಮಟ್ಟದ್ದು. ಹೊಸ ಔಷಧಗಳು ಹೆಚ್ಚಾಗಿ ಮೊದಲು ದೊರೆಯುವುದೂ ಇಲ್ಲಿಯೇ. ದರವನ್ನು ಬಲವಂತವಾಗಿ ಇಳಿಸಿದರೆ ಮುಂದಿನ ಔಷಧಕ್ಕೆ ಬಂಡವಾಳ ಹೂಡುವವರು ಯಾರು ಎಂಬ ಪ್ರಶ್ನೆಗೆ ಅರ್ಥಪ್ರಿಯ ಅವರು ಉತ್ತರಿಸಬೇಕು.

ಆದರೂ ಒಂದನ್ನು ಹೇಳಲೇಬೇಕು. ಆ ತಿಂಗಳುಗಳಲ್ಲಿ ನಮ್ಮನ್ನು ದಣಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಪೂರ್ವಾನುಮತಿಯ ಫೋನ್ ಕರೆಗಳು. ವೈದ್ಯರು ಬರೆದ ಸ್ಕ್ಯಾನ್‌ಗೆ ವಿಮಾ ಕಂಪನಿ ಒಪ್ಪದಿದ್ದಾಗ, ವೈದ್ಯರೇ ತಮ್ಮ ಹೊರರೋಗಿಗಳ ಸಮಯದಲ್ಲಿ ವಿಮಾ ಕಂಪನಿಯ ವೈದ್ಯರೊಂದಿಗೆ ಫೋನಿನಲ್ಲಿ ವಾದಿಸಬೇಕಾಯಿತು. ಆ ಸಮಯದ ಸಂಬಳವನ್ನೂ ನಾವೇ ಕೊಡುತ್ತಿದ್ದೇವೆ ಎಂಬುದು ನನಗೂ ಅರ್ಥವಾಗುತ್ತದೆ.

ಅರ್ಥಪ್ರಿಯ

ಶರಾವತಿ_ಕಣಿವೆ ಅವರೇ, ನಿಮ್ಮ ಮನೆಯವರು ಗುಣಮುಖರಾಗಿದ್ದಾರೆಂದು ಭಾವಿಸುತ್ತೇನೆ. ಕ್ಯಾನ್ಸರ್ ಚಿಕಿತ್ಸೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಸಂಶೋಧನೆಗೆ ಬಂಡವಾಳ ಬೇಕೆಂಬುದು ಹೊಸ ಔಷಧಗಳ ಮಟ್ಟಿಗೆ ತೂಕವುಳ್ಳ ವಾದವೇ. ಇಲ್ಲಿ ಬರೆಯುವ ಚೀಟಿಗಳಲ್ಲಿ ಸುಮಾರು ಶೇ. 90 ಅಗ್ಗದ ಜೆನೆರಿಕ್ ಔಷಧಗಳಿಗೆ; ಹಣದ ಬಹುಪಾಲು ಉಳಿದ ಬ್ರ್ಯಾಂಡ್ ಔಷಧಗಳಲ್ಲಿದೆ. ಅಲ್ಲಿ ದರ ಇಳಿಸುವಾಗ ಎಚ್ಚರ ಬೇಕು ನಿಜ. ಆದರೆ ಮಣಿಕಟ್ಟಿನ ಎಕ್ಸ್‌ರೇಗೆ ಎರಡೂವರೆ ಪಟ್ಟು ದರ ಕೊಡುವುದರಿಂದ ಯಾವ ಸಂಶೋಧನೆ ನಡೆಯುತ್ತದೆ? 2003ರ ಕಾನೂನು ಮೆಡಿಕೇರ್ ಔಷಧದ ಬೆಲೆಯ ಚೌಕಾಶಿ ಮಾಡದಂತೆ ತಡೆದಿತ್ತು. 2022ರ ಕಾನೂನು ಆ ತಡೆಯನ್ನು ಕೆಲವು ಔಷಧಗಳ ಮಟ್ಟಿಗೆ ತೆಗೆದು, ಮೊದಲ ಹತ್ತು ಔಷಧಗಳ ಹೊಸ ದರ 2026ರಿಂದ ಜಾರಿಗೆ ಬರುವಂತೆ ಮಾಡಿತು. ಇದು ಅಂತಹ ಎಚ್ಚರದ ನಡೆ ಎಂದೇ ನನ್ನ ಎಣಿಕೆ.

ಇನ್ನು ಎಚ್‌ಆರ್‌ನವರ ವಾದ. ರೋಗಿಯ ಪಾಲು ಹೆಚ್ಚಿಸಿದರೆ ಬಳಕೆ ತಗ್ಗುತ್ತದೆ ಎಂಬುದು ಸತ್ಯ. 1970ರ ದಶಕದಲ್ಲಿ ಆರಂಭವಾದ ರ‍್ಯಾಂಡ್ ಆರೋಗ್ಯ ವಿಮಾ ಪ್ರಯೋಗ ಅದನ್ನು ತೋರಿಸಿಕೊಟ್ಟಿದೆ. ಆದರೆ ಜನರು ಬೇಡದ ಚಿಕಿತ್ಸೆಯನ್ನು ಬಿಟ್ಟಷ್ಟೇ ಪ್ರಮಾಣದಲ್ಲಿ ಬೇಕಾದ ಚಿಕಿತ್ಸೆಯನ್ನೂ ಬಿಟ್ಟರು ಎಂಬುದನ್ನೂ ಅದೇ ಪ್ರಯೋಗ ತೋರಿಸಿದೆ. ರಕ್ತದೊತ್ತಡವಿದ್ದ ಬಡವರಲ್ಲಿ, ಉಚಿತ ಚಿಕಿತ್ಸೆ ಪಡೆದವರ ಒತ್ತಡ ಹೆಚ್ಚು ಹತೋಟಿಯಲ್ಲಿತ್ತು. ತನಗೆ ಯಾವುದು ಬೇಕು, ಯಾವುದು ಬೇಡ ಎಂದು ರೋಗಿಗೆ ಗೊತ್ತಿದ್ದರೆ ಅವನು ವೈದ್ಯರ ಬಳಿಗೇಕೆ ಹೋಗುತ್ತಾನೆ?

ನಿಮ್ಮ ಆಯ್ಕೆಗೆ ಬೇಕಾದ ಲೆಕ್ಕ ಸರಳ. ಎರಡೂ ಪ್ಲಾನ್‌ಗಳಲ್ಲಿ ವರ್ಷದ ಪ್ರೀಮಿಯಂಗೆ, ರೋಗಿ ತನ್ನ ಕೈಯಿಂದ ಕಟ್ಟಬೇಕಾದ ಗರಿಷ್ಠ ಮಿತಿಯನ್ನು ಕೂಡಿಸಿ. ಅದು ಕೆಟ್ಟ ವರ್ಷದ ಖರ್ಚು. ಪ್ರೀಮಿಯಂ ಒಂದನ್ನೇ ನೋಡಿ. ಅದು ಒಳ್ಳೆಯ ವರ್ಷದ ಖರ್ಚು. ಎಚ್‌ಎಸ್‌ಎ ಖಾತೆಗೆ ಕಂಪನಿ ಹಾಕುವ ಹಣವನ್ನು ಎರಡನೆಯ ಪ್ಲಾನ್‌ನಲ್ಲಿ ಕಳೆಯಿರಿ. 2025ರಲ್ಲಿ ಕುಟುಂಬಕ್ಕೆ 8,550 ಡಾಲರ್‌ವರೆಗೆ ಆ ಖಾತೆಗೆ ತೆರಿಗೆಯಿಲ್ಲದೆ ಹಾಕಬಹುದಿತ್ತು. ಹಣ ವರ್ಷದ ಕೊನೆಗೆ ಕಳೆದುಹೋಗುವುದಿಲ್ಲ, ಕೆಲಸ ಬಿಟ್ಟರೂ ನಿಮ್ಮದೇ. ಕೆಟ್ಟ ವರ್ಷದ ಮೊತ್ತವನ್ನು ಸಾಲವಿಲ್ಲದೆ ಭರಿಸುವ ಶಕ್ತಿಯಿದ್ದರೆ ಮಾತ್ರ ಎರಡನೆಯದು. ಮನೆಯಲ್ಲಿ ಮಧುಮೇಹವೋ ಆಸ್ತಮಾವೋ ಇದ್ದರೆ, ಇನ್ಸುಲಿನ್, ಇನ್‌ಹೇಲರ್‌ಗಳನ್ನು ಡಿಡಕ್ಟಿಬಲ್‌ಗೆ ಮುನ್ನವೇ ಆ ಪ್ಲಾನ್ ಒಳಗೊಳ್ಳುತ್ತದೆಯೇ ಎಂದು ಕೇಳಿ. 2019ರಿಂದ ಹಾಗೆ ಒಳಗೊಳ್ಳಲು ತೆರಿಗೆ ಇಲಾಖೆಯ ಅನುಮತಿಯಿದೆ, ಕಡ್ಡಾಯವಿಲ್ಲ.

ಹೇಮಾವತಿ_ದಡ

ಎಲ್ಲರಿಗೂ ಧನ್ಯವಾದಗಳು. ಮಗಳಿಗೆ ಆಸ್ತಮಾ ಇರುವುದರಿಂದ ಇನ್‌ಹೇಲರ್‌ನ ಪ್ರಶ್ನೆಯನ್ನು ಎಚ್‌ಆರ್‌ಗೆ ಬರೆದು ಕಳುಹಿಸಿದ್ದೇನೆ. ಉತ್ತರ ಬರುವವರೆಗೆ ಹಳೆಯ ಪ್ಲಾನ್‌ನತ್ತಲೇ ಮನಸ್ಸಿದೆ. ಐಟಮೈಜ್ಡ್ ಬಿಲ್ ತರಿಸಿ ನೋಡಿದೆ: ಕೋಡ್ 99285 ಎಂದೇ ಇದೆ. ಮೊತ್ತವನ್ನು ಕಂತುಗಳಲ್ಲಿ ಕಟ್ಟುತ್ತಿದ್ದು, ಇನ್ನೂ ಬಾಕಿಯಿದೆ. ತಕರಾರು ಎತ್ತಿದರೆ ಬಾಕಿಯನ್ನು ವಸೂಲಿ ಏಜೆನ್ಸಿಗೆ ಕೊಟ್ಟುಬಿಡುವರೆಂಬ ಭಯವಿದೆ.

ಬಿಲ್ಲಿಂಗ್_ಕೋಣೆ

ಫೋನಿನಲ್ಲಿ ಮಾತನಾಡಿ ಬಿಡಬೇಡಿ, ಬರಹದಲ್ಲಿ ಕಳುಹಿಸಿ. ‘ಕೋಡಿಂಗ್ ಮರುಪರಿಶೀಲನೆ ಮಾಡಿ’ ಎಂದು ಕೇಳಿ; ಐದನೆಯ ಹಂತಕ್ಕೆ ಆಧಾರವಾದ ವೈದ್ಯಕೀಯ ದಾಖಲೆಯ ಪ್ರತಿಯನ್ನೂ ಕೇಳಿ. ಅದೇ ಪತ್ರದಲ್ಲಿ, ಪರಿಶೀಲನೆ ಮುಗಿಯುವವರೆಗೆ ಖಾತೆಯನ್ನು ತಡೆಹಿಡಿಯಬೇಕೆಂದು ಒಂದು ಸಾಲು ಸೇರಿಸಿ; ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ಪ್ರತಿಯನ್ನು ವಿಮಾ ಕಂಪನಿಗೂ ಕಳುಹಿಸಿ, ಏಕೆಂದರೆ ಕೋಡ್ ಬದಲಾದರೆ ಕ್ಲೇಮ್ ಮತ್ತೆ ಹೊಸದಾಗಿ ಸಲ್ಲಿಕೆಯಾಗಿ, ಒಪ್ಪಂದದ ದರ ಮತ್ತು ಡಿಡಕ್ಟಿಬಲ್ ಲೆಕ್ಕ ಎರಡೂ ಬದಲಾಗಬೇಕಾಗುತ್ತದೆ. ಆಸ್ಪತ್ರೆ ಲಾಭರಹಿತ ಸಂಸ್ಥೆಯಾಗಿದ್ದರೆ ಆರ್ಥಿಕ ನೆರವಿನ ನೀತಿಯೊಂದನ್ನು ಅದು ಇಟ್ಟುಕೊಂಡಿರಲೇಬೇಕು. ಆದಾಯದ ಮಿತಿ ಕೆಲವು ಕಡೆ ನೀವು ಊಹಿಸಿದ್ದಕ್ಕಿಂತ ಹೆಚ್ಚಿರುತ್ತದೆ, ಆದ್ದರಿಂದ ಅರ್ಜಿ ನಮೂನೆಯನ್ನೂ ಜೊತೆಗೇ ಕೇಳಿ. ಕಂತು ಕಟ್ಟುವುದನ್ನು ಮಾತ್ರ, ತಡೆಹಿಡಿದಿದ್ದೇವೆ ಎಂಬ ಲಿಖಿತ ಉತ್ತರ ಕೈಸೇರುವವರೆಗೆ ನಿಲ್ಲಿಸಬೇಡಿ.